ಹದಿನೈದು ದಿನದ ಪಣ: ಆಕ್ಷೇಪಗಳಿಗೆ ಉತ್ತರ

ಸ್ವಂತ ದುಡಿಮೆಯಲ್ಲಿ ಬದುಕುವವರು ವರ್ಷಪೂರ್ತಿಯ ದೊಡ್ಡ ಸಂಕಲ್ಪಗಳನ್ನು ಬಿಟ್ಟು, ಹತ್ತೋ ಹದಿನೈದೋ ದಿನದ ಸಣ್ಣ ಪಣ ತೊಟ್ಟು ಕೆಲಸಕ್ಕೆ ಒಂದು ಕ್ರಮ ತಂದುಕೊಳ್ಳಬೇಕು ಎಂದು ನಾನು ಹೇಳುತ್ತಾ ಬಂದಿದ್ದೇನೆ. ಈಚೆಗೆ ಮೈಸೂರಿನಲ್ಲಿ ಅಂಥ ಕೆಲವರು ಸೇರಿದ್ದ ಕಡೆ ಇದನ್ನೇ ವಿವರಿಸಿದಾಗ ಎದುರು ಮಾತು ಜೋರಾಗಿಯೇ ಬಂತು. ಆಡಿದವರಲ್ಲಿ ನನಗಿಂತ ಹೆಚ್ಚು ಓದಿಕೊಂಡವರಿದ್ದರು, ನನಗಿಂತ ಹೆಚ್ಚು ಕಷ್ಟ ಕಂಡವರೂ ಇದ್ದರು. ಅಲ್ಲಿ ಸಮಯ ಸಾಲಲಿಲ್ಲ. ಅವರ ಆಕ್ಷೇಪಗಳು ಹಗುರವಾದವಲ್ಲವಾದ್ದರಿಂದ ಇಲ್ಲಿ ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

ಯಾರ ವಿಷಯ ಮಾತಾಡುತ್ತಿದ್ದೇನೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯ (ಪಿಎಲ್‌ಎಫ್‌ಎಸ್) ಪ್ರಕಾರ 2023-24ರಲ್ಲಿ ದೇಶದ ದುಡಿಯುವವರಲ್ಲಿ ಶೇ 58.4ರಷ್ಟು ಮಂದಿ ಸ್ವಂತ ಉದ್ಯೋಗದವರು. ಇದರಲ್ಲಿ ರೈತರಿದ್ದಾರೆ, ಮನೆಯವರ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರೂ ಇದ್ದಾರೆ. ನಾನು ಹೇಳುವುದು ಮುಖ್ಯವಾಗಿ ಒಬ್ಬೊಬ್ಬರೇ ದುಡಿಯುವವರನ್ನು ಕುರಿತು: ಮನೆಯಲ್ಲೇ ಬಟ್ಟೆ ಹೊಲಿಯುವವರು, ಟ್ಯೂಷನ್ ಹೇಳುವವರು, ಲೆಕ್ಕ ಬರೆದುಕೊಡುವವರು, ಡಿಟಿಪಿ ಮಾಡುವವರು, ನನ್ನಂತೆ ಅನುವಾದದಿಂದ ಹೊಟ್ಟೆ ಹೊರೆಯುವವರು. ಇವರಿಗೆ ಹಾಜರಿ ಪುಸ್ತಕವಿಲ್ಲ, ತಿಂಗಳ ಕೊನೆಯ ವರದಿ ಕೇಳುವವರಿಲ್ಲ. ಕೆಲಸ ಶುರುವಾಗುವ ಗಂಟೆಯನ್ನೂ ಮುಗಿಯುವ ಗಂಟೆಯನ್ನೂ ಇವರೇ ಗೊತ್ತುಮಾಡಿಕೊಳ್ಳಬೇಕು.

ಮೊದಲ ಆಕ್ಷೇಪ ಓದಿಕೊಂಡವರದು. "ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಬೀಳುತ್ತದೆ ಅನ್ನೋದು ಕಟ್ಟುಕಥೆ ಅಂತ ಎಂದೋ ಸಾಬೀತಾಗಿದೆ. ನೀವು ಹದಿನೈದೇ ದಿನ ಅಂತೀರಲ್ಲ?" ಕಟ್ಟುಕಥೆ ಎಂಬುದು ನಿಜ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರ ತನ್ನ ಪುಸ್ತಕದಲ್ಲಿ, ಶಸ್ತ್ರಚಿಕಿತ್ಸೆಯಾದ ಮೇಲೆ ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಇಪ್ಪತ್ತೊಂದು ದಿನವಾದರೂ ಹಿಡಿಯುತ್ತದೆ ಎಂದು ಬರೆದಿದ್ದ. ಜನರ ಬಾಯಲ್ಲಿ 'ಕನಿಷ್ಠ' ಉದುರಿಹೋಗಿ, ಮುಖದ ಜಾಗಕ್ಕೆ ಸಕಲ ಅಭ್ಯಾಸಗಳೂ ಬಂದು ಕೂತವು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟ-ತಿಂಡಿ, ವ್ಯಾಯಾಮದಂಥ ಸರಳ ರೂಢಿ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಒಬ್ಬೊಬ್ಬರಿಗೆ 18 ದಿನದಿಂದ 254 ದಿನದವರೆಗೆ ಬೇಕಾದೀತು ಎಂಬ ಅಂದಾಜು ಸಿಕ್ಕಿತು. ನಟ್ಟನಡುವಿನ ಲೆಕ್ಕ 66 ದಿನ.

ಆದರೆ ಹದಿನೈದು ದಿನದಲ್ಲಿ ಅಭ್ಯಾಸ ಬೇರು ಬಿಡುತ್ತದೆ ಎಂದು ನಾನೆಲ್ಲಿ ಹೇಳಿದೆ? ಹದಿನೈದು ದಿನದಲ್ಲಿ ಒಂದು ವಿಷಯ ಗೊತ್ತಾಗುತ್ತದೆ ಎಂದಷ್ಟೇ ನನ್ನ ವಾದ. ನಾನು ಆರಿಸಿಕೊಂಡ ಕ್ರಮ ನನ್ನ ಮನೆಗೆ, ನನ್ನ ಕೆಲಸಕ್ಕೆ, ನನ್ನ ಮೈಗೆ ಒಗ್ಗುತ್ತದೆಯೇ ಇಲ್ಲವೇ ಎಂಬುದು ತಿಳಿಯಲು ಅಷ್ಟು ದಿನ ಸಾಕು. ಒಗ್ಗಿದರೆ ಇನ್ನೊಂದು ಹದಿನೈದು ದಿನ ಮುಂದುವರಿಸುವುದು, ಒಗ್ಗದಿದ್ದರೆ ಬದಲಿಸುವುದು. ವರ್ಷದ ಸಂಕಲ್ಪದಲ್ಲಿ ಈ ಅನುಕೂಲವಿಲ್ಲ. ಅದು ಫೆಬ್ರವರಿಯಲ್ಲಿ ಮುರಿದುಬಿದ್ದರೆ, ಮುರಿದದ್ದೇಕೆ ಎಂದು ಕೂತು ನೋಡುವ ದಿನವೇ ಬರುವುದಿಲ್ಲ. ಪಣಕ್ಕೆ ಕೊನೆಯ ದಿನವೊಂದಿದೆ, ಲೆಕ್ಕ ನೋಡುವುದು ಅವತ್ತು. ಅದೇ ಲಂಡನ್ ಅಧ್ಯಯನ ಹೇಳುವ ಇನ್ನೊಂದು ಮಾತನ್ನು ಆಕ್ಷೇಪಿಸುವವರು ಯಾಕೋ ಎತ್ತುವುದಿಲ್ಲ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೂಡಿಬರುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗುವುದಿಲ್ಲ. ಮಗುವಿಗೆ ಜ್ವರ ಬಂದೀತು, ಮನೆಗೆ ನೆಂಟರು ಬಂದಾರು. ಮನೆಯಲ್ಲೇ ದುಡಿಯುವ ಹೆಂಗಸರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಬೇಕಿಲ್ಲ.

ಎರಡನೆಯ ಆಕ್ಷೇಪ ಖಾರವಾಗಿತ್ತು, ಮತ್ತು ನನಗೆ ಅತ್ಯಂತ ಗಟ್ಟಿಯಾಗಿ ಕಂಡದ್ದೂ ಅದೇ. "ಅಯ್ಯಪ್ಪನ ಮಾಲೆ ಹಾಕಿದವರನ್ನ ನೋಡಿಲ್ವಾ ಮೇಡಂ? ನಲವತ್ತೆಂಟು ದಿನ ಕುಡಿಯಲ್ಲ, ಬೀಡಿ ಸೇದಲ್ಲ, ಬರಿಗಾಲು, ತಣ್ಣೀರು ಸ್ನಾನ. ಮಾಲೆ ತೆಗೆದ ಮಾರನೇ ದಿನವೇ ಬಾರು. ನಿಮ್ಮ ಪಣವೂ ಅಷ್ಟೇ." ಹೇಳಿದವರು ಆಟೋ ಓಡಿಸುವವರು.

ಮಾಲೆ ತೆಗೆದ ಮೇಲೂ ಕುಡಿತ ಬಿಟ್ಟೇ ಉಳಿದವರನ್ನು ನಾನು ಬಲ್ಲೆ, ಆದರೆ ಅದನ್ನು ಉತ್ತರವಾಗಿ ಮುಂದಿಡುವುದಿಲ್ಲ. ವ್ರತದ ಗುರಿಯೇ ಬೇರೆ. ಆ ದಿನಗಳು ಉಳಿದ ದಿನಗಳಂತೆ ಇರಬಾರದು ಎಂಬುದೇ ಅದರ ಉದ್ದೇಶ. ದುಡಿಮೆಯ ಪಣ ಇದಕ್ಕೆ ತೀರ ಉಲ್ಟಾ ಇರಬೇಕು. ಪಣ ಮುಗಿದ ಮಾರನೆಯ ದಿನವೂ ಮಾಡಲು ಸಾಧ್ಯವಾಗುವಷ್ಟನ್ನೇ ಪಣದಲ್ಲಿ ಕೇಳಬೇಕು. ಬೆಳಿಗ್ಗೆ ನಾಲ್ಕಕ್ಕೆ ಏಳುತ್ತೇನೆ, ದಿನಕ್ಕೆ ಹತ್ತು ಗಂಟೆ ಕೂರುತ್ತೇನೆ, ಫೋನ್ ಮುಟ್ಟುವುದಿಲ್ಲ ಎಂದು ಹೊರಟವರು ಹದಿನಾರನೆಯ ದಿನ ಬೀಳುವುದು ಸಹಜ. ನವೆಂಬರಿನ ಮೂವತ್ತು ದಿನದಲ್ಲಿ 50,000 ಪದಗಳ ಕಾದಂಬರಿ ಬರೆಯುವ ಸವಾಲೊಂದು ಅಮೆರಿಕದಲ್ಲಿ ಶುರುವಾಗಿ ಲೋಕದ ತುಂಬ ಹಬ್ಬಿತು. ದಿನಕ್ಕೆ ಸುಮಾರು 1,667 ಪದ. ಬರೆದು ಮುಗಿಸಿದವರಿಗೆ ಅದರ ಸಂತೋಷ ಸಲ್ಲಲಿ, ಆದರೆ ಡಿಸೆಂಬರಿನಲ್ಲೂ ಆ ವೇಗದಲ್ಲಿ ಬರೆಯಬಲ್ಲವರು ಅಪರೂಪ. ನನ್ನ ಪಣ ಆ ಜಾತಿಯದಲ್ಲ.

ನನ್ನ ಕಣ್ಣ ಮುಂದಿರುವ ಮಾದರಿ ಉಡುಪಿಯದು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲದಲ್ಲಿ, 1925ರಲ್ಲಿ, ಉಪೇಂದ್ರ ಪೈ, ಟಿ.ಎಂ.ಎ. ಪೈ, ವಾಮನ ಕುಡ್ವ ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಬ್ಯಾಂಕು ಕಟ್ಟಿದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಏಜೆಂಟು ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಇಸಿದುಕೊಂಡು ಹೋಗುತ್ತಿದ್ದ. ಎರಡಾಣೆ ಎಂದರೆ ರೂಪಾಯಿಯ ಎಂಟನೆಯ ಒಂದು ಪಾಲು. ತಿಂಗಳಿಗೊಮ್ಮೆ ನಾಲ್ಕು ರೂಪಾಯಿ ತಂದು ಕಟ್ಟಿ ಎಂದಿದ್ದರೆ ಆ ನೇಕಾರರಲ್ಲಿ, ಸಣ್ಣ ವ್ಯಾಪಾರಿಗಳಲ್ಲಿ ಎಷ್ಟು ಜನ ಕಟ್ಟುತ್ತಿದ್ದರೋ. ವ್ಯಾಪಾರ ಕೆಟ್ಟ ದಿನವೂ ಕೊಡಬಹುದಾದ ಮೊತ್ತ, ಮರೆತರೂ ನೆನಪಿಸಲು ಬಾಗಿಲಿಗೆ ಬರುವ ಮನುಷ್ಯ, ಬರೆದಿಡುವ ಪಾಸ್‌ಬುಕ್ಕು. ಸಂಬಳವಿಲ್ಲದ ಜನರ ದಿನಚರಿ ಬಲ್ಲವರು ಕಟ್ಟಿದ ಯೋಜನೆ ಅದು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಆದರೆ ಪಿಗ್ಮಿ ಕಟ್ಟುವುದು ನಮ್ಮ ಪೇಟೆಗಳಲ್ಲಿ ಇವತ್ತಿಗೂ ನಿಂತಿಲ್ಲ. ದುಡಿಮೆಯ ಪಣಕ್ಕೂ ಇವೇ ಮೂರು ಬೇಕು: ಕೆಟ್ಟ ದಿನಕ್ಕೂ ತಾಳುವಷ್ಟು ಸಣ್ಣ ಅಳತೆ, ಕೇಳುವ ಒಬ್ಬ ಮನುಷ್ಯ, ಗುರುತು ಹಾಕುವ ಒಂದು ಜಾಗ. ಇವಿಲ್ಲದ ಪಣ ಬೀಳುತ್ತದೆ ಎಂಬ ಆಟೋದವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಇನ್ನು ಕೆಲವರು, ಹೊಟ್ಟೆಪಾಡೇ ಸಾಕಷ್ಟು ಶಿಸ್ತು ಕಲಿಸುತ್ತದೆ, ಪಣ-ಗಿಣ ಉಂಡಾಡಿಗಳಿಗೆ ಎಂದರು. ಹಸಿವು ದುಡಿಸುತ್ತದೆ ನಿಜ. ಆದರೆ ಅದು ಕಣ್ಣೆದುರಿನ ಕೆಲಸವನ್ನು ಮಾತ್ರ ಮಾಡಿಸುತ್ತದೆ, ಹಿಂದೆ ಉಳಿದದ್ದನ್ನು ಮಾಡಿಸುವುದಿಲ್ಲ.

ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಅಕ್ಕ ಒಬ್ಬರಿದ್ದಾರೆ. ಮೈಗಳ್ಳತನ ಅವರ ಹತ್ತಿರ ಸುಳಿಯುವುದಿಲ್ಲ, ಬೆಳಗಿನಿಂದ ರಾತ್ರಿಯವರೆಗೆ ಮಿಷನ್ ಸದ್ದು ಕೇಳುತ್ತಲೇ ಇರುತ್ತದೆ. ಆದರೂ ಗಿರಾಕಿ ಬಂದು "ಅಕ್ಕಾ, ಬ್ಲೌಸ್ ಆಯ್ತಾ?" ಎಂದರೆ "ಹುಕ್ಸ್ ಒಂದು ಬಾಕಿ, ಸಂಜೆ ಬನ್ನಿ" ಎನ್ನಬೇಕಾಗುತ್ತಿತ್ತು. ಕಾರಣ ಸರಳ. ಹೊಸ ಬಟ್ಟೆ ಕಟಿಂಗ್ ಮಾಡಿದರೆ ಅಡ್ವಾನ್ಸ್ ಸಿಗುತ್ತದೆ, ಹೊಲಿಗೆ ಬೇಗ ಸಾಗುತ್ತದೆ. ಹೆಮ್ಮಿಂಗ್, ಹುಕ್ಸ್, ಸೀರೆಗೆ ಫಾಲ್ಸ್ ಇವೆಲ್ಲ ಸೂಜಿ ಹಿಡಿದು ಕೂರುವ ಕೆಲಸ, ಮುಂದೆ ಹೋಗುತ್ತಲೇ ಇರುತ್ತವೆ. ಹೊಲಿದದ್ದೆಲ್ಲ ಬೀರುವಿನ ಮೇಲೆ ರಾಶಿ ಬಿದ್ದಿರುತ್ತಿತ್ತು. ಪೂರ್ತಿ ದುಡ್ಡು ಕೈಗೆ ಬರುವುದು ಬ್ಲೌಸ್ ಮನೆ ಬಿಟ್ಟಾಗಲೇ, ಹಾಗಾಗಿ ದುಡಿದ ಹಣವೂ ಆ ರಾಶಿಯಲ್ಲೇ ಕೂತಿರುತ್ತಿತ್ತು. ಹಸಿವು ಅವರನ್ನು ಹೊಸ ಕಟಿಂಗಿಗೇ ತಳ್ಳುತ್ತಿತ್ತು.

ಅವರು ತೊಟ್ಟ ಪಣ ಒಂದೇ ಸಾಲಿನದು: ನಿನ್ನೆ ಹೊಲಿದದ್ದಕ್ಕೆ ಹುಕ್ಸ್ ಬೀಳುವವರೆಗೆ ಇವತ್ತು ಕತ್ತರಿ ಹಿಡಿಯುವುದಿಲ್ಲ. ಗುರುತು ಹಾಕಿದ್ದು ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಮೇಲೆ, ಕೇಳುವ ಕೆಲಸ ಹೈಸ್ಕೂಲಿನಲ್ಲಿ ಓದುವ ಮಗಳದು. ಮೊದಲ ವಾರದಲ್ಲೇ ಅವರಿಗೆ ಹೊಳೆದದ್ದು, ಬೆಳಿಗ್ಗೆ ಹುಕ್ಸ್ ಹಾಕುತ್ತ ಕೂತರೆ ಕರೆಂಟು ಇರುವ ಹೊತ್ತು ಹಾಳಾಗುತ್ತದೆ ಎಂಬುದು. ಅವರ ಮಿಷನ್ ಮೋಟಾರಿನದು. ಕೈಹೊಲಿಗೆಗೆ ಕರೆಂಟು ಬೇಡ, ಬಾಗಿಲ ಬಳಿ ಬೆಳಕಿದ್ದರೆ ಆಯಿತು. ಹಾಗಾಗಿ ಮಧ್ಯಾಹ್ನ ಕರೆಂಟು ಹೋದಾಗ ಸೂಜಿ, ಬಂದಾಗ ಮಿಷನ್ ಎಂದು ಪಣವನ್ನೇ ತಿದ್ದಿಕೊಂಡರು. ಎಷ್ಟೋ ವರ್ಷದಿಂದ ಕರೆಂಟು ಹೋಗುತ್ತಲೇ ಇತ್ತು. ಹದಿನೈದು ದಿನ ತಮ್ಮ ಕೆಲಸವನ್ನೇ ಕಣ್ಣಿಟ್ಟು ನೋಡಿದ್ದರಿಂದ ಅದು ಉಪಯೋಗಕ್ಕೆ ಬಂತು. ಆ ಸಲದ ಗೌರಿ ಹಬ್ಬಕ್ಕೆ ಬೀರುವಿನ ಮೇಲೆ ರಾಶಿ ಇರಲಿಲ್ಲ. ಹೊಟ್ಟೆಪಾಡೇ ಸಾಕು ಎನ್ನುವವರು ಒಮ್ಮೆ ಅವರ ಮನೆಗೆ ಹೋಗಿ ಮಾತಾಡಿಸಿಕೊಂಡು ಬರಲಿ.

ಬರೆಯುವವರು, ಚಿತ್ರ ಮಾಡುವವರು ಎತ್ತಿದ ಮಾತಿಗೆ ಹೆಚ್ಚು ಜಾಗ ಬೇಡ. ಕಲೆ ಗಡಿಯಾರ ನೋಡಿ ಬರುವುದಿಲ್ಲವಂತೆ. ಆದರೆ ಇಂಗ್ಲೆಂಡಿನ ಕಾದಂಬರಿಕಾರ ಆಂಟನಿ ಟ್ರೊಲೋಪ್ ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದದಂತೆ ಬರೆದ. ವಾರವಾರಕ್ಕೆ ಗೆರೆ ಎಳೆದ ದಿನಚರಿಯಲ್ಲಿ ಪುಟಗಳ ಲೆಕ್ಕ ಇಟ್ಟ. ಅಂಚೆ ಇಲಾಖೆಯ ಸಂಬಳ ಅವನಿಗೆ ಬಹುಕಾಲ ಇತ್ತು ಎಂಬುದನ್ನೂ ಹೇಳಬೇಕು. ನಮ್ಮ ಕಾದಂಬರಿಕಾರ ಗಳಗನಾಥರನ್ನು ನೋಡಿ. 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಗೆ ಬರೆದು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು ಅವರು. ಓದುಗ ಮುಂದಿನ ಸಂಚಿಕೆಗೆ ಕಾಯುತ್ತಿದ್ದಾನೆ ಎಂಬ ಗಡುವಿನಲ್ಲೇ ಕನ್ನಡ ಕಾದಂಬರಿ ಬೆಳೆದದ್ದು.

ಸ್ವಂತ ಕೆಲಸದವರು ಈಗಲೇ ಅತಿಯಾಗಿ ದುಡಿಯುತ್ತಿದ್ದಾರೆ, ಪಣ ತೊಡಿಸಿ ಅವರ ಬೆನ್ನಿಗೆ ಇನ್ನೊಂದು ಚಾಟಿ ಕಟ್ಟುತ್ತೀರಿ ಎಂದ ಗೆಳತಿಯ ಕಾಳಜಿ ದೊಡ್ಡದು. ಅವಳು ಅಂದುಕೊಂಡಂತೆ ಪಣವೆಲ್ಲ ಹೆಚ್ಚು ದುಡಿಯುವುದಕ್ಕೇ ಇರಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಕ್ಷೌರದಂಗಡಿಗೆ ಮಂಗಳವಾರ ರಜೆ. ಅದು ಗಿರಾಕಿಗೂ ಗೊತ್ತು, ಯಾರೂ ಬಾಗಿಲು ಬಡಿಯುವುದಿಲ್ಲ. ಊರೆಲ್ಲ ಒಪ್ಪಿದ ಅಂಥ ರಜೆ ಅನುವಾದಕಿಗಿಲ್ಲ, ಪ್ಲಂಬರಿಗಿಲ್ಲ, ವೆಬ್‌ಸೈಟು ಮಾಡಿಕೊಡುವ ಹುಡುಗನಿಗಿಲ್ಲ. ಭಾನುವಾರ ರಾತ್ರಿ ಹತ್ತಕ್ಕೂ ವಾಟ್ಸ್‌ಆ್ಯಪ್ ಬರುತ್ತದೆ. ಸಂಜೆ ಏಳರ ನಂತರ ಕೆಲಸದ ಸಂದೇಶಕ್ಕೆ ಉತ್ತರ ಕೊಡುವುದಿಲ್ಲ ಎಂದು ಎರಡು ವಾರ ಪಣ ತೊಟ್ಟು ನೋಡಿ. ಬಿಟ್ಟುಹೋಗುತ್ತಾರೆ ಎಂದು ನೀವು ಹೆದರಿದ ಗಿರಾಕಿಗಳಲ್ಲಿ ಹೆಚ್ಚಿನವರು ಬೆಳಗಿನವರೆಗೆ ಕಾಯುತ್ತಾರೆ. ಶಾಶ್ವತ ನಿಯಮ ಎಂದರೆ ಯಾರಿಗೂ ಧೈರ್ಯ ಬರುವುದಿಲ್ಲ, ಎರಡು ವಾರ ಎಂದರೆ ಬರುತ್ತದೆ. ಅವಧಿ ಚಿಕ್ಕದಾಗಿರುವುದರ ಲಾಭ ಇದೂ ಹೌದು.

ಕೊನೆಯ ಆಕ್ಷೇಪ ರಾಜಕೀಯದ್ದು. ಮಾಡಿದ ಕೆಲಸಕ್ಕೆ ತಿಂಗಳುಗಟ್ಟಲೆ ದುಡ್ಡು ಕೊಡದೆ ಸತಾಯಿಸುವವರನ್ನು ಬಿಟ್ಟು, ದುಡಿಯುವವನ ಅಭ್ಯಾಸ ಸರಿಯಿಲ್ಲ ಎನ್ನುವುದು ಅನ್ಯಾಯ ಎಂದರು. ಅನ್ಯಾಯ ಹೌದು. ದೊಡ್ಡ ಸಂಸ್ಥೆಯೊಂದು ನನ್ನ ಹಣವನ್ನೂ ಹಾಗೆ ಕೂರಿಸಿಕೊಂಡಿತ್ತು, ಆ ಸಿಟ್ಟು ಇನ್ನೂ ಆರಿಲ್ಲ. ಯಾವ ಪಣವೂ ಕೊಡದವನ ಕೈಯಿಂದ ಹಣ ಬಿಡಿಸಲಾರದು. ಅದಕ್ಕೆ ಕಾನೂನು ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಅತಿ ಸಣ್ಣ, ಸಣ್ಣ ಉದ್ಯಮದವರಿಗೆ ಹಣ ಕೊಡುವುದು ಬರಹದಲ್ಲಿ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅನುವಾದದಂಥ ಸೇವೆಯೂ ಇದರೊಳಗೆ ಬರುತ್ತದೆ. ದೂರು ಕೊಡಲೆಂದು ಸರ್ಕಾರ 2017ರಲ್ಲಿ ಸಮಾಧಾನ್ ಪೋರ್ಟಲ್ ತೆರೆಯಿತು.

ಆದರೆ ಆ ದೂರಿನ ಜೊತೆ ಏನು ಲಗತ್ತಿಸುತ್ತೀರಿ? ಉದ್ಯಮ್ ನೋಂದಣಿ ಬೇಕು, ಕೆಲಸ ಒಪ್ಪಿಸಿದ ತಾರೀಖಿನ ದಾಖಲೆ ಬೇಕು, ತಾರೀಖು ಹಾಕಿ ಕಳಿಸಿದ ಬಿಲ್ಲು ಬೇಕು. ನಮ್ಮಲ್ಲಿ ಬಹಳ ಮಂದಿ ಬಿಲ್ಲು ಕಳಿಸುವುದೇ ಕೆಲಸ ಮುಗಿದು ತಿಂಗಳಾದ ಮೇಲೆ, ಅದೂ ಸಂಕೋಚಪಟ್ಟುಕೊಂಡು. ಸಂಸ್ಥೆಯ ಅಕೌಂಟ್ಸ್ ವಿಭಾಗದವರು "ಬಿಲ್ಲೇ ಬಂದಿಲ್ಲವಲ್ಲ ಮೇಡಂ" ಎಂದರೆ ಬಾಯಿ ಕಟ್ಟಿಹೋಗುತ್ತದೆ. ನಾನು ಹೊಸಬರಿಗೆ ಮೊದಲು ಹೇಳಿಕೊಡುವ ಪಣವೂ ಇದೇ ಕಾರಣಕ್ಕೆ ಬರವಣಿಗೆಯದಲ್ಲ, ಬಿಲ್ಲಿನದು. ಎರಡು ವಾರ, ಒಪ್ಪಿಸಿದ ಪ್ರತಿಯೊಂದು ಕೆಲಸಕ್ಕೂ ಅದೇ ದಿನ ಬಿಲ್ಲು ಹೋಗಬೇಕು. ಎಷ್ಟೇ ಸಣ್ಣ ಮೊತ್ತವಾಗಲಿ, ಎಷ್ಟೇ ಪರಿಚಯದವರಾಗಲಿ. ನೋಂದಣಿ ಆಗಿರದಿದ್ದರೆ ಆ ಎರಡು ವಾರದೊಳಗೇ ಅದನ್ನೂ ಮಾಡಿಸಿಕೊಳ್ಳಬೇಕು, ಶುಲ್ಕವೇನೂ ಇಲ್ಲ. ಆಮೇಲೂ ಹಣ ಕೊಡದವರ ವಿರುದ್ಧ ದೂರು ಬರೆಯಲು ಕೂರುವುದಾದರೆ ನನ್ನನ್ನು ಕರೆಯಿರಿ, ಬರುತ್ತೇನೆ.