ಕೋಳಿಗೂಡಿಗೆ ತೋಟದ ಔಷಧಿ ಬೇಡ

ಕಾಫಿಯ ಕಾಂಡಕೊರಕ, ಅಡಿಕೆಯ ಕೊಳೆರೋಗ ಎಂದರೆ ನಾವು ನಡುರಾತ್ರಿಯಲ್ಲೂ ಎದ್ದು ಕೂರುತ್ತೇವೆ. ಹಿತ್ತಲಿನ ಹತ್ತು ಹೇಂಟೆಗಳಿಗೆ ಹೇನು ಬಿದ್ದರೆ ಮಾತ್ರ ಅದು ಹೆಂಗಸರ ಪಾಲಿನ ಕೆಲಸ! ಹಾಲಿನ ಲೆಕ್ಕ ಬರೆಯುವವರೂ ಮೊಟ್ಟೆಯ ಲೆಕ್ಕ ಬರೆಯುವುದಿಲ್ಲ. ಈ ಅಸಡ್ಡೆಯಿಂದ ಒಂದು ಕೆಟ್ಟ ರೂಢಿ ಬೆಳೆದಿದೆ. ಗೂಡಿನಲ್ಲಿ ಹುಳ ಕಂಡೊಡನೆ, ಕಾಂಡಕೊರಕಕ್ಕೆಂದು ತಂದು ಉಳಿದಿರುವ ಕ್ಲೋರ್‌ಪೈರಿಫಾಸನ್ನು ನೀರಿಗೆ ಬೆರೆಸಿ ಕೋಳಿಯ ಮೈಗೇ ಎರಚುವುದು. ಹಿಂದೆ ಬಿ.ಎಚ್.ಸಿ. ಪುಡಿಯನ್ನು ರೆಕ್ಕೆಯಡಿ ತಿಕ್ಕುತ್ತಿದ್ದವರೂ ಇದ್ದರು. 1997ರಲ್ಲಿ ಅದು ನಿಷೇಧವಾಯಿತು, 2013ರಲ್ಲಿ ಲಿಂಡೇನ್ ಕೂಡ ಹೋಯಿತು. ಡಬ್ಬಿ ಬದಲಾಯಿತೇ ಹೊರತು ಅಭ್ಯಾಸ ಬದಲಾಗಲಿಲ್ಲ.

ಇದು ಕಳ್ಳನನ್ನು ಬಿಟ್ಟು ಮನೆಯವನನ್ನು ಹೊಡೆದಂತೆ. ಹೇನೇನೋ ಕೋಳಿಯ ಮೈಮೇಲೆಯೇ ಬಾಳುತ್ತದೆ. ಬಾಲದಡಿಯ ಪುಕ್ಕದ ಬುಡದಲ್ಲಿ ಅದರ ಸೀರು ಬಿಳಿ ಗಂಟಾಗಿ ಕಾಣುತ್ತದೆ. ಆದರೆ ರಕ್ತ ಹೀರುವ ಕೆಂಪು ನುಸಿಯೂ ಕೋಳಿ ಉಣುಗೂ ಹಗಲೆಲ್ಲ ಗೂಡಿನ ಬಿರುಕಿನಲ್ಲಿ ಅಡಗಿದ್ದು ರಾತ್ರಿ ಹೊರಬೀಳುತ್ತವೆ. ನಮ್ಮ ಕಡೆಯ ಗೂಡುಗಳು ಹೆಚ್ಚಾಗಿ ಅಡಿಕೆ ದಬ್ಬೆಯವು. ದಬ್ಬೆಯ ಸೀಳು, ಹಗ್ಗದ ಕಟ್ಟು, ಮೊಳೆಯ ತೂತು, ಇದಕ್ಕಿಂತ ಒಳ್ಳೆಯ ಬಿಡಾರ ಅವಕ್ಕೆ ಬೇಕೆ? ನುಸಿ ತಿಂಗಳುಗಟ್ಟಲೆ, ಬೆಳೆದ ಉಣುಗು ವರ್ಷಕ್ಕೂ ಮೇಲ್ಪಟ್ಟು ಉಪವಾಸವಿದ್ದು ಬದುಕಬಲ್ಲದು. ಗೂಡನ್ನು ಒಂದು ಮಳೆಗಾಲ ಖಾಲಿ ಬಿಟ್ಟು ಹೊಸ ಮರಿ ತಂದರೂ ಫಲವಿಲ್ಲ. ಉಣುಗಿನಿಂದ ಸ್ಪೈರೋಕೀಟ್ ಜ್ವರವೂ ಹರಡುತ್ತದೆ. ಸಂಜೆ ಕೋಳಿ ಗೂಡು ಸೇರದೆ ಹಲಸಿನ ಮರ ಹತ್ತುತ್ತಿದ್ದರೆ, ಕಾವಿಗೆ ಕೂತ ಹೇಂಟೆ ಮೊಟ್ಟೆ ಬಿಟ್ಟೇಳುತ್ತಿದ್ದರೆ, ಜುಟ್ಟು ಬಿಳಿಚಿದ್ದರೆ, ರಾತ್ರಿ ಬ್ಯಾಟರಿ ಹಿಡಿದು ಗೂಡು ನೋಡಬೇಕು.

ಇನ್ನು ಮೊಟ್ಟೆಯ ಮಾತು. 2017ರಲ್ಲಿ ನೆದರ್ಲೆಂಡ್ಸಿನಲ್ಲಿ ಇದೇ ಕೆಂಪು ನುಸಿಗೆಂದು ಕೋಳಿಮನೆಗಳಿಗೆ ಹೊಡೆದ ದ್ರಾವಣದಲ್ಲಿ ಫಿಪ್ರೋನಿಲ್ ಬೆರೆತಿತ್ತು. ಅದು ಮೊಟ್ಟೆಯಲ್ಲಿ ಕಂಡುಬಂದು, ಲಕ್ಷಗಟ್ಟಲೆ ಮೊಟ್ಟೆಗಳನ್ನು ಯೂರೋಪಿನ ಅಂಗಡಿಗಳಿಂದ ಹಿಂದಕ್ಕೆ ತರಿಸಬೇಕಾಯಿತು. ಅಲ್ಲಿ ಪರೀಕ್ಷಿಸುವವರಿದ್ದರು. ನಮ್ಮ ಹಿತ್ತಲಿನ ಮೊಟ್ಟೆ ಯಾವ ಪರೀಕ್ಷೆಯೂ ಇಲ್ಲದೆ ನೇರವಾಗಿ ಮಕ್ಕಳ ತಟ್ಟೆಗೆ ಹೋಗುತ್ತದೆ.

ಹಾಗಾದರೆ ಮಾಡುವುದೇನು? ಗೂಡನ್ನೇ ಬಿಚ್ಚಬೇಕು. ಹಳೆಯ ದಬ್ಬೆ, ಹಾಸು ಎಲ್ಲ ಸುಟ್ಟು ಹೊಸ ದಬ್ಬೆ ಹಾಕಿ. ತೋಟವಿರುವವರಿಗೆ ದಬ್ಬೆಗೇನು ಬರ? ಉಳಿದ ಮರಕ್ಕೆ ಕುದಿನೀರು ಹೊಯ್ದು, ಒಣಗಿದ ಮೇಲೆ ಸಂದುಗಳಿಗೆಲ್ಲ ಗಟ್ಟಿಯಾಗಿ ಸುಣ್ಣ ಮೆತ್ತಿ. ಮಳೆ ತಾಗದ ಕಡೆ ಬೂದಿ, ಮರಳು ಹಾಕಿಟ್ಟರೆ ಕೋಳಿ ತಾನೇ ಹೊರಳಾಡಿ ಹೇನು ಕಡಿಮೆ ಮಾಡಿಕೊಳ್ಳುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ಪಶುವೈದ್ಯರು ಹೇಳಿದ, ಕೋಳಿಗೆಂದೇ ಇರುವ ಔಷಧಿ. ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಕೇಳಿಯೇ ತನ್ನಿ. ಸೀರು ಮೊದಲ ಸಲಕ್ಕೆ ಸಾಯುವುದಿಲ್ಲವಾದ್ದರಿಂದ ಸುಮಾರು 10 ದಿನಕ್ಕೆ ಇನ್ನೊಮ್ಮೆ ಬೇಕಾಗುತ್ತದೆ.

ಸಂಘದ ಆಡಳಿತ ಮಂಡಳಿಗೂ ಒಂದು ಮಾತು. ನಮ್ಮ ಕೌಂಟರಿನಲ್ಲಿ ತೋಟದ ಔಷಧಿ ಲೀಟರುಗಟ್ಟಲೆ ದೊರೆಯುತ್ತದೆ. ಹತ್ತು ಕೋಳಿಗೆ ಸಾಕಾಗುವ ಸಣ್ಣ ಪ್ಯಾಕೆಟ್ಟಿನ ಕೋಳಿ ಔಷಧಿ ದೊರೆಯುವುದಿಲ್ಲ. ಜನ ಕೈಗೆ ಸಿಕ್ಕಿದ್ದನ್ನು ಬಳಸುತ್ತಾರೆ. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ಆ ದಿನ ಪಶುವೈದ್ಯರೊಬ್ಬರನ್ನೂ, ಮುಖ್ಯವಾಗಿ ಗೂಡು ನೋಡಿಕೊಳ್ಳುವ ಹೆಂಗಸರನ್ನೂ ಕರೆಯತಕ್ಕದ್ದು.