ಸೆಕೆಂಡ್ ಹ್ಯಾಂಡ್ ಕ್ಯಾಟಮರಾನ್: ವಾಲದ ದೋಣಿ ಮಗುಚುವುದೇ ಇಲ್ಲವೇ?

ಕೆರಿಬಿಯನ್ ಸಮುದ್ರದ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ, ಗ್ರೀಸ್ ಮತ್ತು ಕ್ರೊಯೇಷಿಯಾದ ತೀರಗಳಲ್ಲಿ ಪ್ರವಾಸಿಗರು ಹಾಯಿದೋಣಿಯನ್ನು ವಾರದ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುತ್ತಾರೆ. ಇದಕ್ಕೆ ಚಾರ್ಟರ್ ಎನ್ನುತ್ತಾರೆ. ಎರಡು ಒಡಲುಗಳ ಕ್ಯಾಟಮರಾನ್‌ಗೆ ಅಲ್ಲಿ ಬೇಡಿಕೆ ಹೆಚ್ಚು. ಖಾಸಗಿ ಮಾಲೀಕರ ದೋಣಿಯನ್ನು ಚಾರ್ಟರ್ ಕಂಪನಿ ಸಾಮಾನ್ಯವಾಗಿ ಐದಾರು ವರ್ಷ ಓಡಿಸಿ ಹಿಂತಿರುಗಿಸುತ್ತದೆ. ಅವುಗಳಲ್ಲಿ ಹಲವು ಮಾರಾಟಕ್ಕೆ ಬರುತ್ತವೆ. ಅಂಥದ್ದೊಂದನ್ನು ಕೊಂಡು ತಾವೇ ಚಾರ್ಟರ್ ನಡೆಸಲು ಹೊರಟವರು ಜೀವಮಾನದ ಉಳಿತಾಯದ ಜೊತೆಗೆ ಅತಿಥಿಗಳ ಜೀವದ ಹೊಣೆಯನ್ನೂ ಹೊರುತ್ತಾರೆ. ಈ ವ್ಯವಹಾರದ ಸುತ್ತ ಇರುವ ನಾಲ್ಕು ನಂಬಿಕೆಗಳನ್ನು ನಾವಿಲ್ಲಿ ಪರಿಶೀಲಿಸೋಣ.

ಅದಕ್ಕೂ ಮೊದಲು ಹೆಸರಿನ ವಿಷಯ. ‘ಕ್ಯಾಟಮರಾನ್’ ಬಂದದ್ದು ತಮಿಳಿನ ‘ಕಟ್ಟುಮರಂ’ನಿಂದ. ಕನ್ನಡಿಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆದರೆ ಕೋರಮಂಡಲ ತೀರದ ಕಟ್ಟುಮರ ದಿಮ್ಮಿಗಳನ್ನು ಬಿಗಿದ ತೆಪ್ಪ. ಎರಡು ಒಡಲುಗಳ ದೋಣಿ ಪೆಸಿಫಿಕ್ ದ್ವೀಪವಾಸಿಗಳ ಪರಂಪರೆಯದು. ಹೆಸರು ಒಂದು ಕಡಲಿನದು, ರೂಪ ಇನ್ನೊಂದು ಕಡಲಿನದು.

ನಂಬಿಕೆ 1: ಅದು ವಾಲುವುದಿಲ್ಲ, ಹಾಗಾಗಿ ಮಗುಚುವುದಿಲ್ಲ

ಅರ್ಧ ಸತ್ಯ. ಒಂಟಿ ಒಡಲಿನ ಹಾಯಿದೋಣಿಯ ತಳದಲ್ಲಿ ಸೀಸ ಅಥವಾ ಕಬ್ಬಿಣದ ಭಾರವಿರುತ್ತದೆ. ಗಾಳಿ ಹೆಚ್ಚಾದಂತೆ ಅದು ವಾಲುತ್ತದೆ, ಆ ಭಾರ ಮತ್ತೆ ನೆಟ್ಟಗೆ ಎಳೆಯುತ್ತದೆ. ಕ್ಯಾಟಮರಾನ್‌ಗೆ ಸ್ಥಿರತೆ ಬರುವುದು ತನ್ನ ತೂಕ ಮತ್ತು ಅಗಲದಿಂದ. ಗಾಳಿಯ ಕಡೆಯ ಒಡಲು ನೀರು ಬಿಟ್ಟು ಮೇಲೇಳುವ ಹೊತ್ತಿಗೆ ಅದರ ಪ್ರತಿರೋಧ ಗರಿಷ್ಠ ಮಟ್ಟ ಮುಟ್ಟಿರುತ್ತದೆ. ಅಲ್ಲಿಂದ ಮುಂದೆ ಇಳಿಮುಖ. ಒಮ್ಮೆ ಮಗುಚಿತೆಂದರೆ ತಲೆಕೆಳಗಾಗಿಯೂ ಅಷ್ಟೇ ಸ್ಥಿರ, ತಾನಾಗಿ ಏಳುವುದಿಲ್ಲ.

ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಾಳಿ 20 ನಾಟ್‌ನಿಂದ 28 ನಾಟ್‌ಗೆ ಏರಿದರೆ ಹಾಯಿಯ ಮೇಲಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. ಒಂಟಿ ಒಡಲಿನ ದೋಣಿ ವಾಲಿ ಎಚ್ಚರಿಸುತ್ತದೆ. ಕ್ಯಾಟಮರಾನ್ ಹೆಚ್ಚೇನೂ ವಾಲದ ಕಾರಣ ಆ ಹೊರೆಯೆಲ್ಲ ಹಾಯಿಕಂಬ ಮತ್ತು ಅದನ್ನು ಬಿಗಿದ ಉಕ್ಕಿನ ತಂತಿಗಳ ಮೇಲೆ ಬೀಳುತ್ತದೆ. ಆದ್ದರಿಂದಲೇ ಅನುಭವಿಗಳು ಹಾಯಿ ಕುಗ್ಗಿಸುವ ಹೊತ್ತನ್ನು ಗಾಳಿಮಾಪಕ ನೋಡಿ ನಿರ್ಧರಿಸುತ್ತಾರೆ. ಹಳೆಯ ದೋಣಿಯಾದರೆ ತಂತಿಗಳನ್ನು ಕೊನೆಯ ಬಾರಿ ಬದಲಿಸಿದ್ದು ಯಾವಾಗ ಎಂದು ದಾಖಲೆ ಸಮೇತ ಕೇಳಬೇಕು. ಸ್ಟೇನ್‌ಲೆಸ್ ಉಕ್ಕು ಕೂಡ ಗಾಳಿಯಾಡದ ಸಂದುಗಳಲ್ಲಿ ಹೊರಗೆ ಕಾಣದಂತೆ ಸವೆಯುತ್ತದೆ.

ನಂಬಿಕೆ 2: ಇಷ್ಟೊಂದು ಜಾಗವಿದೆ, ಎಷ್ಟು ಬೇಕಾದರೂ ಹೇರಬಹುದು

ಜಾಗವಿದ್ದ ಮಾತ್ರಕ್ಕೆ ಹೊರುವ ಶಕ್ತಿ ಇರುವುದಿಲ್ಲ. ಒಂದು ಲೆಕ್ಕ ಹಾಕೋಣ. ಎರಡೂ ಒಡಲುಗಳು ನೀರಿನ ಮಟ್ಟದಲ್ಲಿ ಆವರಿಸುವ ಜಾಗ ಒಟ್ಟು 25 ಚದರ ಮೀಟರ್ ಎಂದುಕೊಳ್ಳಿ. ಸಮುದ್ರದ ನೀರಿನ ಸಾಂದ್ರತೆಯ ಪ್ರಕಾರ, ಸುಮಾರು 256 ಕಿಲೋ ಹೇರಿದರೆ ದೋಣಿ ಒಂದು ಸೆಂಟಿಮೀಟರ್ ಮುಳುಗುತ್ತದೆ. ತಲಾ 75 ಕಿಲೋದ 10 ಜನ, 700 ಲೀಟರ್ ಸಿಹಿನೀರು, 500 ಲೀಟರ್ ಡೀಸೆಲ್ ಸೇರಿದರೆ 1,850 ಕಿಲೋ ದಾಟಿತು. ಅಂದರೆ 7 ಸೆಂಟಿಮೀಟರ್‌ಗೂ ಹೆಚ್ಚು. ಜನರೇಟರ್, ಎ.ಸಿ., ಲಗೇಜು, ಅಡುಗೆ ಸಾಮಾನು ಇನ್ನೂ ಬಾಕಿ.

ಪರಿಣಾಮವೇನು? ಒಡಲುಗಳ ನಡುವಿನ ಸೇತುವೆಯಂಥ ಭಾಗಕ್ಕೂ ನೀರಿಗೂ ಇರುವ ಅಂತರ ಕಡಿಮೆಯಾಗುತ್ತದೆ. ಅಲೆಗಳು ಕೆಳಗಿನಿಂದ ಬಡಿಯುತ್ತವೆ. ಆ ಪೆಟ್ಟು ದಿನವೂ ಬಿದ್ದರೆ ಬೆಸುಗೆಗಳೂ ಒಳಗೋಡೆಗಳೂ ದಣಿಯುತ್ತವೆ. ಚಾರ್ಟರ್‌ಗೆ ನಾಲ್ಕು ಕೋಣೆ, ನಾಲ್ಕು ಸ್ನಾನಗೃಹಗಳ ವಿನ್ಯಾಸ ಲಾಭದಾಯಕ ಎನ್ನುವುದು ನಿಜ. ಆದರೆ ಕೋಣೆ ಎಣಿಸುವ ಮೊದಲು ದೋಣಿಯ ಗರಿಷ್ಠ ಹೊರೆ ಎಷ್ಟೆಂದು ನೋಡಿ. ಯುರೋಪಿನ ಮಾರುಕಟ್ಟೆಗೆ ತಯಾರಾದ ದೋಣಿಗಳಲ್ಲಿ ಇದು ತಯಾರಕರ ಫಲಕದ ಮೇಲೇ ಬರೆದಿರುತ್ತದೆ.

ನಂಬಿಕೆ 3: ಇಂಜಿನ್ ಕಡಿಮೆ ಓಡಿದೆ, ಬಣ್ಣ ಹೊಳೆಯುತ್ತಿದೆ, ಅಂದರೆ ದೋಣಿ ಚೆನ್ನಾಗಿದೆ

ಕಾಲಕಾಲಕ್ಕೆ ಎಣ್ಣೆ ಬದಲಿಸಿಕೊಂಡು ಹೆಚ್ಚು ಗಂಟೆ ಓಡಿದ ಡೀಸೆಲ್ ಇಂಜಿನ್, ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ಸುಮ್ಮನೆ ನಿಂತ ಇಂಜಿನ್‌ಗಿಂತ ವಾಸಿಯಾಗಿರಬಹುದು. ಗಂಟೆಗಳ ಸಂಖ್ಯೆಯ ಜೊತೆಗೆ ಸರ್ವಿಸ್ ದಾಖಲೆಯನ್ನೂ ಓದಬೇಕು.

ಒಡಲಿನ ಕಥೆ ಇನ್ನೂ ಸೂಕ್ಷ್ಮ. ಅನೇಕ ಕ್ಯಾಟಮರಾನ್‌ಗಳ ಗೋಡೆ ಫೈಬರ್‌ಗ್ಲಾಸ್‌ನ ಎರಡು ಪದರ, ನಡುವೆ ಬಾಲ್ಸಾ ಮರ ಅಥವಾ ಫೋಮ್. ಸರಿಯಾಗಿ ಮುಚ್ಚದ ಒಂದು ಸ್ಕ್ರೂ ತೂತಿನಿಂದ ನೀರು ಇಳಿದರೆ ಬಾಲ್ಸಾ ಒಳಗೊಳಗೇ ಕೊಳೆಯುತ್ತದೆ. ಹಲಸಿನಹಣ್ಣನ್ನು ತಟ್ಟಿ ಸದ್ದಿನಿಂದಲೇ ಹದ ತಿಳಿಯುವಂತೆ, ಸರ್ವೇಯರ್ ಸಣ್ಣ ಸುತ್ತಿಗೆಯಿಂದ ಇಂಚಿಂಚೂ ತಟ್ಟಿ ಕೇಳುತ್ತಾನೆ. ಗಟ್ಟಿ ಭಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಭಾಗ ಮಂದವಾಗಿ ದೊಬ್ ಎನ್ನುತ್ತದೆ. ತೇವಮಾಪಕದ ಓದನ್ನೂ ಅದರ ಜೊತೆ ತಾಳೆ ನೋಡುತ್ತಾನೆ.

2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತ ಬ್ರಿಟಿಷ್ ವರ್ಜಿನ್ ದ್ವೀಪಗಳಿಗೆ ಅಪ್ಪಳಿಸಿದಾಗ ಲಂಗರು ಹಾಕಿದ್ದ ಕ್ಯಾಟಮರಾನ್‌ಗಳು ಮಗುಚಿ ಒಂದರ ಮೇಲೊಂದು ರಾಶಿಬಿದ್ದವು. ಹಾನಿಗೊಂಡ ದೋಣಿಯನ್ನು ದುರಸ್ತಿ ಮಾಡಿ ಮಾರುವುದು ತಪ್ಪಲ್ಲ. ಆದರೆ ಅದನ್ನು ಬಣ್ಣದ ಕೆಳಗೆ ಬಚ್ಚಿಡಬಾರದು. ಆ ಭಾಗದ ದೋಣಿಯಾದರೆ, ಚಂಡಮಾರುತದ ಸಮಯದಲ್ಲಿ ಅದು ಎಲ್ಲಿತ್ತು ಎಂಬುದು ಕೇಳಲೇಬೇಕಾದ ಪ್ರಶ್ನೆ.

ನಂಬಿಕೆ 4: ‘ಸಿಇ’ ಗುರುತಿದ್ದರೆ ಬಾಡಿಗೆಗೆ ಬಿಡಬಹುದು

ಸಿಇ ಗುರುತು ಹೇಳುವುದು ವಿಹಾರದೋಣಿಯಾಗಿ ಅದರ ವಿನ್ಯಾಸದ ಬಗ್ಗೆ. ಹಣ ಪಡೆದು ಜನರನ್ನು ಕರೆದೊಯ್ಯಲು ಆಯಾ ದೇಶದ ವಾಣಿಜ್ಯ ಪರವಾನಗಿ, ಸುರಕ್ಷಾ ಸಾಧನ, ವಿಮೆ ಬೇರೆಯೇ ಬೇಕು. ಅಂತರರಾಷ್ಟ್ರೀಯ ಸೋಲಾಸ್ ಒಪ್ಪಂದದ ಪ್ರಕಾರ 12ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವುದು ಪ್ರಯಾಣಿಕ ಹಡಗು. ಸಣ್ಣ ಚಾರ್ಟರ್ ದೋಣಿಗಳು ಸಾಮಾನ್ಯವಾಗಿ 12ರ ಒಳಗೇ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಕೊಳ್ಳಬಾರದೇ? ಖಂಡಿತ ಕೊಳ್ಳಬಹುದು. ಮುಂಗಡ ಕೊಡುವಾಗ ‘ಸರ್ವೇ ಮತ್ತು ಸಮುದ್ರ ಪರೀಕ್ಷೆ ತೃಪ್ತಿಕರವಾದರೆ ಮಾತ್ರ’ ಎಂಬ ಷರತ್ತು ಇರಲಿ. ಸರ್ವೇಯರ್ ನೀವು ನೇಮಿಸಿದವನಾಗಿರಲಿ, ಮಾರುವವರು ಸೂಚಿಸಿದವನಲ್ಲ. ದೋಣಿಯನ್ನು ನೀರಿನಿಂದ ಮೇಲೆತ್ತಿಸಿಯೇ ನೋಡಿ. ಅತಿಥಿಗಳ ಕೈಯ ಲೋಟ ತುಳುಕದಂತೆ ಸಾಗುವುದು ಕ್ಯಾಟಮರಾನ್‌ನ ದೊಡ್ಡ ಗುಣ. ಅಪಾಯ ಹತ್ತಿರವಾದಾಗಲೂ ಆ ಲೋಟ ತುಳುಕುವುದಿಲ್ಲ ಎಂಬುದನ್ನು ಕೊಳ್ಳುವವರು ನೆನಪಿಟ್ಟರೆ ಸಾಕು.