ಅಂಗಳದ ಕಳೆಗೆ ವಿಷವೇಕೆ?

ಮಳೆಗಾಲ ಬಂತೆಂದರೆ ನಮ್ಮ ಮುಂಬಯಿಯಲ್ಲಿ ಎರಡು ಸಂಗತಿಗಳು ಹುಲುಸಾಗಿ ಬೆಳೆಯುತ್ತವೆ. ಒಂದು ಕಳೆ, ಇನ್ನೊಂದು ಕಳೆನಾಶಕದ ವ್ಯಾಪಾರ. ಚಾಳಿನ ಅಂಗಳ, ಸೊಸೈಟಿಯ ಕಂಪೌಂಡು, ಶಾಲೆಯ ಮೈದಾನ, ಎಲ್ಲಿ ನಾಲ್ಕು ಹುಲ್ಲೆಸಳು ಕಂಡರೂ "ಔಷಧಿ ಹೊಡೆಸಿರಿ" ಎಂಬ ಸಲಹೆ ಸಿದ್ಧ. ಔಷಧಿಯಂತೆ! ಯಾರ ರೋಗಕ್ಕೆ? ಕೊಲ್ಲುವ ವಸ್ತುವಿಗೆ ಔಷಧಿಯೆಂದು ಹೆಸರಿಟ್ಟಾಗಲೇ ಅರ್ಧ ಮೋಸ ಮುಗಿಯಿತು.

ಹತ್ತು ಎಕರೆಯ ರೈತ ಆಳು ಸಿಗದೆ ಕಳೆನಾಶಕ ಹಿಡಿದರೆ ಅವನ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ಧಾರಾವಿಯಲ್ಲಿ? ಇಲ್ಲಿ ತೋಟವೆಂದರೆ ಎಣ್ಣೆ ಡಬ್ಬಿಯ ತುಳಸಿ, ಡ್ರಮ್ಮಿನ ಬಸಳೆ, ಕಟ್ಟಡದ ಬದಿಯ ನಾಲ್ಕು ಮೊಳ ಮಣ್ಣು. ಅದರ ಪಕ್ಕದಲ್ಲೇ ಮಕ್ಕಳ ಆಟ, ನೀರಿನ ಪೀಪಾಯಿ, ಬಟ್ಟೆ ಒಣಗಿಸುವ ಹಗ್ಗ. ಮಿಕ್ಕ ವಿಷದ ಬಾಟಲಿಯನ್ನು ಹತ್ತಡಿ ಹನ್ನೆರಡಡಿಯ ಖೋಲಿಯಲ್ಲಿ ಎಲ್ಲಿಡುತ್ತೀರಿ? ಅಡಿಗೆ ಎಣ್ಣೆಯ ಪಕ್ಕದಲ್ಲೇ? ಪ್ಯಾರಾಕ್ವಾಟ್ ಎಂಬ ಕಳೆನಾಶಕ ಒಂದು ಗುಟುಕು ಒಳಗೆ ಹೋದರೂ ಪ್ರಾಣಕ್ಕೆ ಅಪಾಯ. ಅದಕ್ಕೆ ಪ್ರತಿವಿಷವೇ ಇಲ್ಲ. ಕೇರಳ ಅದನ್ನು 2011ರಲ್ಲೇ ನಿಷೇಧಿಸಿತು.

ಗ್ಲೈಫೋಸೇಟ್ ನಿರಪಾಯವೆಂದು ಅಂಗಡಿಯವರು ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವುಳ್ಳ ವಸ್ತುಗಳ ಸಾಲಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆ ಅದನ್ನು ಒಪ್ಪಲಿಲ್ಲ. ವಿಜ್ಞಾನಿಗಳ ವಾದ ನಡೆಯಲಿ. ಆದರೆ 2022ರ ಅಕ್ಟೋಬರ್‌ನಲ್ಲಿ ನಮ್ಮ ಕೇಂದ್ರ ಸರಕಾರವೇ, ಕೀಟನಿಯಂತ್ರಣದ ಪರವಾನಿಗೆ ಉಳ್ಳವರ ಹೊರತು ಬೇರೆ ಯಾರೂ ಅದನ್ನು ಬಳಸಕೂಡದೆಂದು ಅಧಿಸೂಚನೆ ಹೊರಡಿಸಿತು. ಹೀಗಿದ್ದೂ ಬರಿಗಾಲಿನ ವಾಚ್‌ಮನ್ನನ ಹೆಗಲಿಗೆ ಪಂಪು ಏರಿಸುವ ಸೆಕ್ರೆಟರಿ ಮಹಾಶಯರಿಗೆ ಏನೆನ್ನೋಣ? ಆ ವಾಚ್‌ಮನ್ನನೂ ಕಲಬುರ್ಗಿಯಿಂದಲೋ ವಿಜಯಪುರದಿಂದಲೋ ಹೊಟ್ಟೆಪಾಡಿಗೆ ಬಂದ ನಮ್ಮವನೇ ಇರಬಹುದು.

ಇಷ್ಟಾಗಿ ಲಾಭವಾದರೂ ಏನು? ಗ್ಲೈಫೋಸೇಟ್ ಹಸಿರೆಲೆಯ ಮೂಲಕ ಒಳಗಿಳಿದು ಗಿಡವನ್ನು ಕೊಲ್ಲುತ್ತದೆ. ಮಣ್ಣಿನಲ್ಲಿ ಮಲಗಿರುವ ಬೀಜವನ್ನು ಮುಟ್ಟುವುದಿಲ್ಲ. ಬೋಳಾದ ನೆಲಕ್ಕೆ ಬಿಸಿಲು ಬಿದ್ದೊಡನೆ ಆ ಬೀಜಗಳು ಮೊಳೆಯುತ್ತವೆ. ಮತ್ತೆ ಬಾಟಲಿ, ಮತ್ತೆ ಬಿಲ್ಲು!

ಕಳೆಯ ನಿಜವಾದ ಶತ್ರು ನೆರಳು. ಧಾರಾವಿಯ ಅಂಚಿನಲ್ಲಿ, ಮೀಠಿ ನದಿಯ ದಡದಲ್ಲಿರುವ ಮಹಾರಾಷ್ಟ್ರ ನಿಸರ್ಗ ಉದ್ಯಾನವನ್ನು ನೋಡಿಬನ್ನಿ. ಒಂದು ಕಾಲಕ್ಕೆ ಅದು ಊರ ಕಸದ ತಿಪ್ಪೆ. 1994ರಲ್ಲಿ ಜನರಿಗೆ ತೆರೆದ ಆ 37 ಎಕರೆ ಈಗ ಕಾಡು. ಮರದ ನೆರಳು ದಟ್ಟವಾದಲ್ಲಿ, ತರಗೆಲೆ ಮುಚ್ಚಿದಲ್ಲಿ, ಬಿಸಿಲು ಬೇಡುವ ಹುಲ್ಲು ತಾನಾಗಿ ಸೊರಗುತ್ತದೆ. ಅದೇ ಪಾಠ ನಮ್ಮ ಡ್ರಮ್ಮಿಗೂ ಸಾಕು: ಮಣ್ಣನ್ನು ಬೆತ್ತಲೆ ಬಿಡಬೇಡಿ. ಒಣಗಿದ ಎಲೆ, ತೆಂಗಿನ ನಾರು, ಹಳೆಯ ಗೋಣಿತಟ್ಟು, ಯಾವುದಾದರೂ ಮೂರು ನಾಲ್ಕು ಅಂಗುಲ ಹಾಸಿರಿ. ಗಿಡದ ಬುಡಕ್ಕೆ ಮಾತ್ರ ಒತ್ತಬೇಡಿ. ಫರಸಿಯ ಸಂದಿನ ಎಳೆಯ ಕಳೆಗೆ ಕುದಿಯುವ ನೀರು ಸಾಕು. ಸುರಿಯುವಾಗ ಮಕ್ಕಳು ದೂರವಿರಲಿ. ಜೇಕಿನ ಹುಲ್ಲನ್ನು ಮೇಲಿಂದ ಕಿತ್ತರೆ ಗಡ್ಡೆ ಒಳಗೇ ಉಳಿಯುತ್ತದೆ. ಖುರ್ಪಿಯಿಂದ ಅಗೆದೇ ತೆಗೆಯಬೇಕು. ಉಪ್ಪು ಸುರಿಯುವ ಉಪಾಯ ಮಾತ್ರ ಬೇಡ, ಮಣ್ಣೇ ಕೆಡುತ್ತದೆ.

ಕಾಂಗ್ರೆಸ್ ಹುಲ್ಲನ್ನು ಹೂ ಬಿಡುವ ಮುನ್ನವೇ, ಕೈಚೀಲ ತೊಟ್ಟು, ಬೇರುಸಹಿತ ಕೀಳಬೇಕು. ಬಿಟ್ಟರೆ ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಅದರ ಎಲೆ ತಿನ್ನುವ ದುಂಬಿಯನ್ನು ಮೆಕ್ಸಿಕೋದಿಂದ 1983ರಲ್ಲಿ ತರಿಸಿ ಬಯಲಿಗೆ ಬಿಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ದುಂಬಿ ಆ ಹುಲ್ಲನ್ನು ನಿರ್ಮೂಲ ಮಾಡಲಿಲ್ಲ ನಿಜ. ವಿಷವೊಂದೇ ದಾರಿಯಲ್ಲವೆಂದು ತೋರಿಸಿತು.

ಇನ್ನು ಕಳೆಯೆಂದರೆ ಯಾವುದು? ತುಳುವರ ತಜಂಕ್, ಘಟ್ಟದ ಮೇಲಿನವರ ತಗಚೆ, ಮರಾಠಿಗರ ಟಾಕಳಾ, ಮೂರೂ ಒಂದೇ ಸೊಪ್ಪು. ದಾದರ ಪೇಟೆಯಲ್ಲಿ ದುಡ್ಡು ಕೊಟ್ಟು ಕಟ್ಟು ತರುತ್ತೇವೆ. ಅಂಗಳದಲ್ಲಿ ಹುಟ್ಟಿದರೆ ವಿಷ ಹೊಡೆಸುತ್ತೇವೆ! ಗಟಾರದ ಬದಿಯದು ಖಂಡಿತ ಬೇಡ. ಡಬ್ಬಿಯ ಒಳ್ಳೆಯ ಮಣ್ಣಿನಲ್ಲಿ ಗೋಣಿಸೊಪ್ಪೋ ಹೊನಗೊನೆಯೋ ತಾನಾಗಿ ಎದ್ದರೆ, ಗುರುತು ಬಲ್ಲ ಹಿರಿಯರನ್ನು ಕೇಳಿ ಸಾರಿಗೆ ಹಾಕಿರಿ.

"ಕೀಳಲು ಪುರುಸೊತ್ತೆಲ್ಲಿ?" ಎನ್ನುವವರುಂಟು. ನಾಲ್ಕು ಮೊಳ ಮಣ್ಣಿಗೆ ಭಾನುವಾರದ ಅರ್ಧ ಗಂಟೆ ಸಾಲದೆ? ಅದೂ ಆಗದಿದ್ದರೆ ವಿಷದ ಹಣವನ್ನೇ ಕೂಲಿಯಾಗಿ ಕೊಡಿ. ನಮ್ಮದೇ ಬಸ್ತಿಯ ಒಂದು ಮನೆಯ ಒಲೆ ಉರಿಯುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಮೃಗಶಿರಾ ಮಳೆ ಬಿದ್ದ ವಾರದಲ್ಲೇ ಕೈ ಹಚ್ಚೋಣ. ಮುಂದಿನ ಸೊಸೈಟಿ ಸಭೆಯಲ್ಲಿ ಕಳೆನಾಶಕದ ಬಿಲ್ಲು ಮಂಜೂರಿಗೆ ಬಂದರೆ, ಕನ್ನಡಿಗರು ಎದ್ದು ನಿಂತು "ಬೇಡ" ಎನ್ನಲಿ.